ಮಲಪ್ರಭೆ ದಂಡೆಯ ಔಷಧದಂಗಡಿ



ಸವದತ್ತಿಯಲ್ಲಾಗಲಿ ಬೈಲಹೊಂಗಲದಲ್ಲಾಗಲಿ, ಸಂತೆಯ ದಿನ ಮೆಡಿಕಲ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ತಾಲೂಕಿನ ಆರೋಗ್ಯ ಹೇಗಿದೆ ಎಂಬುದು ಕಿವಿಗೆ ಬೀಳುತ್ತದೆ. "ಸೊಂಟ ಹಿಡಕೊಂಡೈತ್ರಿ, ಏನರ ಚಲೋ ಗುಳಿಗಿ ಕೊಡ್ರಿ." "ಹುಡುಗಗ ರಾತ್ರಿಯಿಂದ ಜ್ವರ ಬಂದಾವ್ರಿ." "ಈ ಚೀಟ್ಯಾಗಿಂದು ಎರಡ ದಿನದ್ದಷ್ಟ ಕೊಡ್ರಿ, ರೊಕ್ಕ ಕಮ್ಮಿ ಬಿದ್ದಾವ." ಹೊಲದ ಕೆಲಸ ಬಿಟ್ಟು ದವಾಖಾನೆಗೆ ಹೋಗಿ ಪಾಳಿ ಹಚ್ಚಿದರೆ ಒಂದು ದಿನದ ಕೂಲಿ ಹೋಯಿತು. ಅಂಗಡಿಯಲ್ಲಿ ಪಾಳಿಯೂ ಇಲ್ಲ, ಡಾಕ್ಟರ ಫೀಯೂ ಇಲ್ಲ. ಹೀಗಾಗಿ ಜಡ್ಡು ಬಂದವರು ಮೊದಲು ಹತ್ತುವುದು ಇದೇ ಅಂಗಡಿಯ ಕಟ್ಟೆ.

ಈ ಅಂಗಡಿ ಎಲ್ಲಿಂದ ಬಂತು, ಏನೇನಾಗಿ ಈಗಿನ ರೂಪಕ್ಕೆ ಬಂತು ಎಂಬುದೇ ಇಂದಿನ ಮಾತು. ಈ ಚರಿತ್ರೆಯುದ್ದಕ್ಕೂ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ರೋಗ ಹಬ್ಬಿದಾಗೆಲ್ಲ ಸರ್ಕಾರ ಅಂಗಡಿಯ ಬಾಗಿಲಿಗೆ ಬಂದಿದೆ. ರೋಗ ಇಳಿದ ಮೇಲೆ, ಅದು ಬರೀ ವ್ಯಾಪಾರ ಎಂದು ಬಿಟ್ಟು ಹೋಗಿದೆ.

ಮೊದಲು ನಮ್ಮಲ್ಲಿ ಔಷಧದಂಗಡಿ ಅಂತ ಬೇರೆ ಇರಲಿಲ್ಲ. ಅಳಲೆಕಾಯಿ, ಬಜೆ, ಹಿಪ್ಪಲಿ, ಜ್ಯೇಷ್ಠಮಧು, ಅಜವಾನ ಎಲ್ಲ ಕಿರಾಣಿ ಅಂಗಡಿಯ ಡಬ್ಬಿಗಳಲ್ಲಿ ಇರುತ್ತಿದ್ದವು. ವೈದ್ಯರು ತಾವೇ ನಾಡಿ ಹಿಡಿದು, ತಾವೇ ಅರೆದು ಕುದಿಸಿ ಕೊಡುತ್ತಿದ್ದರು. ಔಷಧ ಹೇಳುವವನು ಬೇರೆ, ಕೊಡುವವನು ಬೇರೆ ಇರಬೇಕು ಎಂಬ ಕಟ್ಟಳೆ ಯುರೋಪಿನದು. ಹದಿಮೂರನೆಯ ಶತಮಾನದಲ್ಲಿ ಸಿಸಿಲಿಯ ದೊರೆ ಎರಡನೆಯ ಫ್ರೆಡರಿಕ್ ಅದನ್ನು ಕಾನೂನು ಮಾಡಿದ. ವೈದ್ಯನೂ ಔಷಧ ಮಾರುವವನೂ ಒಳಗೊಳಗೇ ಕೂಡಿಕೊಂಡು ರೋಗಿಯನ್ನು ಸುಲಿಯಬಾರದು ಎಂಬುದು ಅದರ ಹಿಂದಿನ ಲೆಕ್ಕ. ಆ ಅನುಮಾನ ಇಂದಿಗೂ ಹಳತಾಗಿಲ್ಲ, ಬಿಡಿ.

ನಮ್ಮ ಭಾಗಕ್ಕೆ ಈ ಪದ್ಧತಿ ಬಂದದ್ದು ಇಂಗ್ಲಿಷರ ಸರ್ಕಾರಿ ಡಿಸ್ಪೆನ್ಸರಿಗಳ ಜತೆ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಸವದತ್ತಿ ಪರಸಗಡ ತಾಲೂಕಿನ ಕಚೇರಿ ಊರು. ಬೈಲಹೊಂಗಲ, ಕಿತ್ತೂರು ಎರಡೂ ಸಂಪಗಾವಿ ತಾಲೂಕಿನವು. ರಾಮದುರ್ಗ ಮಾತ್ರ ತನ್ನದೇ ರಾಜನ ಕೈಯಲ್ಲಿದ್ದ ಸಂಸ್ಥಾನ. ಡಿಸ್ಪೆನ್ಸರಿಗಳಿದ್ದದ್ದು ದೊಡ್ಡ ಊರುಗಳಲ್ಲಿ. ಹಳ್ಳಿಗೆ ಇಂಗ್ಲಿಷ್ ಔಷಧ ಮುಟ್ಟಿಸಲು ಸರ್ಕಾರ ಹಿಡಿದ ದಾರಿ ಇನ್ನೊಂದು. ಅದು ಪೋಸ್ಟ್ ಆಫೀಸು.

ಮಲೇರಿಯಾಕ್ಕೆ ಕ್ವಿನೈನ್ ಒಂದೇ ಮದ್ದಾಗಿದ್ದ ಕಾಲ ಅದು. 1892ರಲ್ಲಿ ಬಂಗಾಳದಲ್ಲಿ, ಪೋಸ್ಟ್ ಆಫೀಸಿನಲ್ಲಿ ಒಂದು ಪೈಸೆಗೆ ಒಂದು ಕ್ವಿನೈನ್ ಪೊಟ್ಟಣ ಮಾರುವ ಪದ್ಧತಿ ಶುರುವಾಯಿತು. ರೂಪಾಯಿಗೆ 64 ಬರುತ್ತಿದ್ದ ಪೈಸೆ ಅದು. ಮುಂದೆ ಇದು ಉಳಿದ ಪ್ರಾಂತ್ಯಗಳಿಗೂ ಹಬ್ಬಿತು. ಕಾಗದ ಹಂಚುವ ಅಂಚೆಯವನೇ ಜ್ವರದ ಮದ್ದನ್ನೂ ಮಾರುವುದು ಈಗ ವಿಚಿತ್ರ ಅನ್ನಿಸಬಹುದು. ಆದರೆ ಆ ಯೋಜನೆಯಲ್ಲಿ ದೊಡ್ಡ ತಿಳಿವಳಿಕೆಯೇ ಇತ್ತು. ಜನ ಹೇಗೂ ಹೋಗುವ ಜಾಗದಲ್ಲಿ, ಬಡವನ ಕೈಗೆ ಎಟುಕುವ ಬೆಲೆಗೆ, ಒಂದು ಅಳತೆಯ ಪೊಟ್ಟಣದಲ್ಲಿ ಮದ್ದು ಸಿಗಬೇಕು. ಪ್ರಾಥಮಿಕ ಆರೋಗ್ಯ ಎಂದರೆ ಇಷ್ಟೇ ಅಲ್ಲದಿದ್ದರೂ, ಇಲ್ಲಿಂದಲೇ ಅದು ಶುರುವಾಗುವುದು.

ಇನ್ನು ಕಂಪೌಂಡರ್. ನಮ್ಮ ಹಿರಿಯರನ್ನು ಕೇಳಿದರೆ ಡಾಕ್ಟರ ಹೆಸರು ಮರೆತಿರಬಹುದು, ಕಂಪೌಂಡರನನ್ನು ಮರೆತಿರುವುದಿಲ್ಲ. ಡಾಕ್ಟರ ಕೋಣೆಯ ಮಗ್ಗುಲಲ್ಲಿ ಒಂದು ಸಣ್ಣ ಕಿಟಕಿ. ಅದರ ಹಿಂದೆ ಗಾಜಿನ ದೊಡ್ಡ ಜಾಡಿಗಳು, ಒಂದು ತಕ್ಕಡಿ, ಒಂದು ಕಲ್ವ. ಬಾಟಲಿಯನ್ನು ರೋಗಿ ಮನೆಯಿಂದಲೇ ತೊಳೆದು ತರಬೇಕು. ಕಂಪೌಂಡರ್ ಚೀಟಿ ನೋಡಿ ಮಿಕ್ಸ್ಚರ್ ಕಲಸಿ, ಬಾಟಲಿಗೆ ತುಂಬಿ, ಬೂಚು ಹಾಕಿ, ಬಿಳಿ ಕಾಗದದ ಪಟ್ಟಿಯೊಂದನ್ನು ಕಚ್ಚು ಕಚ್ಚಾಗಿ ಕತ್ತರಿಸಿ ಅಂಟಿಸುತ್ತಿದ್ದ. ಒಂದು ಕಚ್ಚಿನವರೆಗೆ ಒಂದು ಹೊತ್ತಿಗೆ. "ಅಲ್ಲಾಡಿಸಿ ಕುಡೀಬೇಕ್ ನೋಡ್ ತಂಗಿ" ಎಂಬ ಮಾತು ಪ್ರತಿ ಬಾಟಲಿಯ ಜತೆ ಪುಕ್ಕಟೆ. ಅಕ್ಷರ ಬಾರದ ಮುದುಕಿಗೂ ತಿಳಿಯುವ ಲೇಬಲ್ ಆ ಕಾಗದದ ಪಟ್ಟಿ. ಈಗಿನ ಗುಳಿಗಿ ಸ್ಟ್ರಿಪ್ಪಿನ ಬೆನ್ನ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳಿಗಿಂತ ಅದು ಮೇಲು ಎಂದೇ ನನ್ನ ಅಭಿಪ್ರಾಯ. ಕಂಪೌಂಡರನಿಗೆ ಡಿಗ್ರಿ ಇರಲಿಲ್ಲ, ಸರಿ. ಆದರೆ ಅವನು ಕೊಡುವುದರ ಜತೆ ಹೇಳುತ್ತಿದ್ದ.

ಕಲಬೆರಕೆಯ ಕಾಟವೂ ಇದ್ದೇ ಇತ್ತು. ಪೇಟೆಯ ಕ್ವಿನೈನಿನಲ್ಲಿ ಕ್ವಿನೈನೇ ಸರಿಯಾಗಿ ಇಲ್ಲ ಎಂಬ ದೂರು ದೆಹಲಿಯ ಶಾಸನ ಸಭೆಯವರೆಗೆ ಹೋಯಿತು. 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಕವಾಯಿತು. ಮರುವರ್ಷವೇ ಅದರ ವರದಿ ಬಂತು. ಔಷಧ ತಯಾರಿಕೆಗೆ, ಮಾರಾಟಕ್ಕೆ ಕಾನೂನು ಬೇಕು, ಔಷಧ ಕೊಡುವವರಿಗೆ ಶಿಕ್ಷಣವೂ ನೋಂದಣಿಯೂ ಬೇಕು ಎಂದು ಚೋಪ್ರಾ ಹೇಳಿದರು. ಕಾಯ್ದೆ ಬಂದದ್ದು 1940ರಲ್ಲಿ. ಜಾರಿಗೆ ಬಂದದ್ದು 1947ರ ಏಪ್ರಿಲ್‌ನಲ್ಲಿ.

ಇಲ್ಲಿ ನಮ್ಮ ಸೀಮೆಯದೇ ಒಂದು ತಮಾಷೆ ಇದೆ. ಆ ಕಾಯ್ದೆ ನಡೆಯುತ್ತಿದ್ದದ್ದು ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ ಮಾತ್ರ. ಬೈಲಹೊಂಗಲ, ಸವದತ್ತಿ ಅದರೊಳಗೆ. ರಾಮದುರ್ಗ ಸಂಸ್ಥಾನ ಅದರ ಹೊರಗೆ. ಒಂದೇ ಮಲಪ್ರಭೆಯ ನೀರು ಕುಡಿಯುವ ಎರಡು ಊರುಗಳಲ್ಲಿ ಒಂದೇ ಔಷಧದ ಬಾಟಲಿಗೆ ಎರಡು ಕಾನೂನು! 1948ರಲ್ಲಿ ರಾಮದುರ್ಗ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದಾಗ ಈ ಗೆರೆ ಅಳಿಸಿತು. ಅದೇ ವರ್ಷ ಫಾರ್ಮಸಿ ಕಾಯ್ದೆಯೂ ಬಂತು. ದವಾಖಾನೆಯಲ್ಲಿ ಐದು ವರ್ಷ ಕಂಪೌಂಡರ್ ಕೆಲಸ ಮಾಡಿದವರಿಗೆ ಮೊದಲ ನೋಂದಣಿಯಲ್ಲಿ ಹೆಸರು ಹಚ್ಚಿಸಲು ಅವಕಾಶ ಸಿಕ್ಕಿತು. ಡಾಕ್ಟರ ಚೀಟಿಯ ಮೇಲೆ ಔಷಧ ಕೊಡುವವನು ನೋಂದಾಯಿತ ಫಾರ್ಮಾಸಿಸ್ಟೇ ಆಗಿರಬೇಕು ಎಂಬ 42ನೆಯ ಕಲಮು ಮಾತ್ರ ಮುಂದೆ ಮುಂದೆ ಹೋಗಿ, ದೇಶದ ಎಲ್ಲ ಕಡೆ ಜಾರಿಯಾಗಲು 1984ರ ಸೆಪ್ಟೆಂಬರ್ ಬರಬೇಕಾಯಿತು. ಮೂವತ್ತಾರು ವರ್ಷ!

ಅಷ್ಟರಲ್ಲಿ ಕಂಪೌಂಡರನ ಕೆಲಸವೇ ಹೋಗಿತ್ತು. ಪುಣೆಯ ಹತ್ತಿರದ ಪಿಂಪ್ರಿಯಲ್ಲಿ 1950ರ ದಶಕದ ನಡುವೆ ಸರ್ಕಾರಿ ಕಾರ್ಖಾನೆ ಪೆನಿಸಿಲಿನ್ ತಯಾರಿಸತೊಡಗಿತು. ಜನ ಸೂಜಿ ಮಾಡಿಸಿಕೊಳ್ಳುವುದನ್ನು ಕಲಿತರು. ಗುಳಿಗಿಗಳು ಸ್ಟ್ರಿಪ್ಪಿನಲ್ಲಿ ಬಂದವು. ಕಲಸುವುದು, ಅಳೆಯುವುದು ಏನೂ ಉಳಿಯಲಿಲ್ಲ. ಕತ್ತರಿಸಿ ಕೊಟ್ಟು ರೊಕ್ಕ ಎಣಿಸಿಕೊಂಡರೆ ಮುಗಿಯಿತು. ಕಾನೂನು ಫಾರ್ಮಾಸಿಸ್ಟನಿಗೆ ಮಾನ ಕೊಡುವ ಹೊತ್ತಿಗೆ ಪೇಟೆ ಅವನನ್ನು ಬರೀ ಅಂಗಡಿಕಾರನನ್ನಾಗಿ ಮಾಡಿಬಿಟ್ಟಿತ್ತು. ನಮ್ಮ ಔಷಧದಂಗಡಿಯ ಚರಿತ್ರೆಯಲ್ಲಿ ದೊಡ್ಡ ನಷ್ಟ ಇದು.

1968ರಲ್ಲಿ ಎರಡು ಸಂಗತಿ ನಡೆದವು. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ ಫಾರ್ಮಸಿ ಕಾಲೇಜು ತೆರೆಯಿತು. ನಮ್ಮ ಹಳ್ಳಿಯ ಹುಡುಗರು ಫಾರ್ಮಸಿ ಓದಲು ಮುಂಬಯಿಗೋ ಬೆಂಗಳೂರಿಗೋ ಹೋಗುವುದು ತಪ್ಪಿತು. ಅದೇ ವರ್ಷ ಕೇಂದ್ರ ಸರ್ಕಾರ ನಿರೋಧ್ ಕಾಂಡೋಮಿನ ಮಾರಾಟ ಶುರು ಮಾಡಿತು, 15 ಪೈಸೆಗೆ ಮೂರು. ಚಹಾ, ಸಾಬೂನು, ಸಿಗರೇಟಿನ ಕಂಪನಿಗಳ ಗಾಡಿಗಳಲ್ಲಿ ಅದು ಕಿರಾಣಿ, ಪಾನ್ ಅಂಗಡಿಗಳಿಗೂ ಹೋಯಿತು. ದವಾಖಾನೆಯಲ್ಲಿ ನರ್ಸಮ್ಮನನ್ನು ಕೇಳಲು ನಾಚುವ ಗಂಡಸು ಅಂಗಡಿಯಲ್ಲಿ ಸುಮ್ಮನೆ ರೊಕ್ಕ ಇಟ್ಟು ತೆಗೆದುಕೊಳ್ಳುತ್ತಾನೆ ಎಂಬುದು ಸರ್ಕಾರಕ್ಕೆ ಆಗ ತಿಳಿದಿತ್ತು.

ಮುಂದೆ ನವಿಲುತೀರ್ಥದ ಕಣಿವೆಯಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಮೊದಲ ವರ್ಷಗಳಲ್ಲಿ ಮುಗಿಯಿತು. ಕಾಲುವೆ ಹರಿದಲ್ಲಿ ಬೆಳೆ ಬದಲಾಯಿತು, ಕೈಯಲ್ಲಿ ಎರಡು ಕಾಸು ಓಡಾಡಿತು, ಮೆಡಿಕಲ್ ಅಂಗಡಿಯೂ ಬಂತು. ಅದೇ ಹೊತ್ತಿಗೆ ದೇಶದಲ್ಲಿ ಮಲೇರಿಯಾ ತಿರುಗಿ ಎದ್ದಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಡಾ. ಡಿ. ಕೆ. ವಿಶ್ವನಾಥನ್ ನಮ್ಮ ನೆರೆಯ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲೇ ಡಿಡಿಟಿ ಹೊಡೆಸಿ ಅದನ್ನು ತಗ್ಗಿಸಿ ತೋರಿಸಿದ್ದರು. 1960ರ ದಶಕದ ಮೊದಲಿಗೆ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಕೆಳಗೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷ ಮುಟ್ಟಿದವು. 1977ರಲ್ಲಿ ಸರ್ಕಾರ ಯೋಜನೆ ಬದಲಿಸಿ, ಹಳ್ಳಿಗಳಲ್ಲಿ ಕ್ಲೋರೋಕ್ವಿನ್ ಹಂಚುವ ಕೇಂದ್ರಗಳನ್ನು ಮಾಡಿ, ಊರಿನವರ ಕೈಗೇ ಗುಳಿಗಿ ಕೊಟ್ಟಿತು. 1892ರ ಪೋಸ್ಟ್ ಆಫೀಸಿನ ಬುದ್ಧಿಯೇ ಎಂಬತ್ತೈದು ವರ್ಷದ ನಂತರ ಮತ್ತೆ ಬಂದಂತಾಯಿತು.

ಯಲ್ಲಮ್ಮನ ಗುಡ್ಡದ ಜಾತ್ರೆಯನ್ನೂ ಇಲ್ಲಿ ನೆನೆಯಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಗಟ್ಟಲೆ ಜನ ಸೇರುತ್ತಾರೆ. ಇಂಥ ಜಾತ್ರೆಗಳೆಂದರೆ ಹಿಂದಿನ ಅಧಿಕಾರಿಗಳಿಗೆ ಕಾಲರಾದ ಭಯ. ಇಂದು ವಾಂತಿಭೇದಿಗೆ ಮೊದಲ ಮದ್ದು ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಕುಡಿಸಿ ಸಾವಿರಾರು ಜೀವ ಉಳಿಸಿದರು. ಅಷ್ಟಿದ್ದೂ ನಮ್ಮ ಜನ ಭೇದಿಯಾದರೆ "ಒಂದ್ ಸಲೈನ್ ಹಚ್ರಿ" ಅನ್ನುತ್ತಾರೆ. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟು ಕಾಸಿ ಆರಿಸಿದ ನೀರಿಗೆ ಇಡಿಯಾಗಿ ಹಾಕಬೇಕು, ಅರ್ಧರ್ಧ ಅಲ್ಲ ಎಂದು ಹೇಳಿಕೊಡಲು ಎಂಬಿಬಿಎಸ್ ಬೇಕಿಲ್ಲ. ಕೌಂಟರಿನ ಹಿಂದೆ ನಿಂತವನು ಹೇಳಿದರೆ ಸಾಕು.

ಆ ಮೇಲಿನ ಕಥೆ ನಮ್ಮ ಕಣ್ಣೆದುರಿನದು. 1988ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ನವದೆಹಲಿಯಲ್ಲಿ ಸೇರಿ, ಆರೋಗ್ಯ ವ್ಯವಸ್ಥೆಯಲ್ಲಿ ಫಾರ್ಮಾಸಿಸ್ಟನ ಪಾತ್ರವೇನು ಎಂದು ಚರ್ಚಿಸಿದರು. ವಿಚಾರ ನಮ್ಮ ರಾಜಧಾನಿಯಲ್ಲೇ ನಡೆಯಿತು, ತಾಲೂಕಿಗೆ ಇಳಿಯಲಿಲ್ಲ. 2014ರ ಮಾರ್ಚ್‌ನಿಂದ ಎಚ್-1 ಪಟ್ಟಿ ಜಾರಿಗೆ ಬಂತು. ಕ್ಷಯದ ಔಷಧ, ಬಲವಾದ ಆ್ಯಂಟಿಬಯಾಟಿಕ್ ಸೇರಿ 46 ಔಷಧಗಳನ್ನು ಕೊಟ್ಟಾಗ ರೋಗಿಯ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು ಎಂದು ಆಗ ನಿಯಮವಾಯಿತು. 2018ರಲ್ಲಿ ಕ್ಷಯದ ಔಷಧ ಒಯ್ದವರ ಮಾಹಿತಿಯನ್ನು ಸರ್ಕಾರಕ್ಕೆ ಕೊಡದಿದ್ದರೆ ಅಂಗಡಿಯವರಿಗೂ ಶಿಕ್ಷೆ ಎಂದಾಯಿತು. 2020ರ ಕೊರೊನಾ ಕಾಲದಲ್ಲಿ ಎಲ್ಲ ಬಾಗಿಲು ಮುಚ್ಚಿದಾಗ ತೆರೆದಿದ್ದವುಗಳಲ್ಲಿ ಮೆಡಿಕಲ್ ಅಂಗಡಿಯೂ ಒಂದು. ಜ್ವರ, ಕೆಮ್ಮು, ನೆಗಡಿಗೆ ಔಷಧ ಒಯ್ದವರ ಹೆಸರು, ಫೋನ್ ನಂಬರ್ ಬರೆದು ಕೊಡಿ ಎಂದು ಕರ್ನಾಟಕ ಸರ್ಕಾರ ಆಗ ಅಂಗಡಿಗಳಿಗೆ ಆದೇಶ ಹೊರಡಿಸಿತು. ಜ್ವರ ಯಾವ ಓಣಿಯಲ್ಲಿ ಎದ್ದಿದೆ ಎಂದು ಮೊದಲು ತಿಳಿಯುವುದು ಅಲ್ಲೇ ಎಂದು ಸರ್ಕಾರವೇ ಒಪ್ಪಿದಂತಾಯಿತು. ಕೊರೊನಾ ಇಳಿಯಿತು, ಬರೆಯುವುದೂ ನಿಂತಿತು. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅನ್ನುತ್ತೇವೆ. ಇಲ್ಲಿ ಬಾವಿ ಮೊದಲೇ ಇದೆ. ಬೆಂಕಿ ಆರಿದ ಕೂಡಲೇ ನಾವು ಅದರ ಹಗ್ಗ ಬಿಚ್ಚಿ ಒಯ್ಯುತ್ತೇವೆ.

ತಪ್ಪು ಸರ್ಕಾರದ್ದು ಮಾತ್ರ ಅನ್ನಲಾರೆ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರಿನಲ್ಲಿ ಇನ್ನೊಬ್ಬ ಹುಡುಗ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಎರಡು ವರ್ಷದ ಡಿ.ಫಾರ್ಮ್ ಓದಿ, ಮೇಲೆ 500 ಗಂಟೆ ತರಬೇತಿ ಮುಗಿಸಿದವನು ತನ್ನ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟು ಬೇರೆ ಕೆಲಸಕ್ಕೆ ಹೋದರೆ, ಫಾರ್ಮಾಸಿಸ್ಟೇ ಔಷಧ ಕೊಡಬೇಕೆಂಬ ಕಾನೂನು ಇದ್ದೂ ಸತ್ತಂತೆ. ಕೌಂಟರಿನ ಹುಡುಗ ಸೊಂಟನೋವಿಗೆ ಕೊಡುವ ಗುಳಿಗಿಯಿಂದ ಅಂದಿಗೆ ನೋವು ಹೋಗುತ್ತದೆ. ಕಬ್ಬು ಕಡಿಯುವ ಆಳು ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾದೀತು, ಕಿಡ್ನಿ ಕೆಟ್ಟೀತು. ಎರಡು ದಿನದ ಆ್ಯಂಟಿಬಯಾಟಿಕ್ ತಿಂದು ಬಿಟ್ಟರೆ ಮುಂದೆ ಆ ಔಷಧಕ್ಕೆ ಬಗ್ಗದ ರೋಗಾಣು ಊರೊಳಗೇ ಹುಟ್ಟೀತು. ಇದನ್ನು ಹೇಳಬೇಕಾದವನೇ ಅಂಗಡಿಯಲ್ಲಿಲ್ಲ. 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ತಿಳಿಹೇಳುವುದು ಫಾರ್ಮಾಸಿಸ್ಟನ ಕೆಲಸ ಎಂದು ಸ್ಪಷ್ಟವಾಗಿ ಬರೆದಿವೆ. ಆದರೆ ಅವನಿಗೆ ಲಾಭ ಸಿಗುವುದು ಗುಳಿಗಿ ಮಾರಿದರೆ. "ಇದು ಬೇಡ, ಡಾಕ್ಟರ ಕಡೆ ಹೋಗು" ಅಂದರೆ ಏನೂ ಇಲ್ಲ. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಏಳು ಸಣ್ಣ ಕಾಯಿಲೆಗಳನ್ನು ಫಾರ್ಮಾಸಿಸ್ಟರೇ ನೋಡಿ ಔಷಧ ಕೊಡಬಹುದು, ಆ ಕೆಲಸಕ್ಕೆ ಸರ್ಕಾರ ರೊಕ್ಕ ಕೊಡುತ್ತದೆ. ನಾವು ಅಷ್ಟು ದೂರ ಈಗಲೇ ಹೋಗಬೇಕಿಲ್ಲ. ಬಿಪಿ, ಸಕ್ಕರೆ ರೋಗದವರು ಗುಳಿಗಿ ಬಿಡದಂತೆ ನೋಡಿಕೊಳ್ಳುವುದು, ಎರಡು ವಾರ ದಾಟಿದ ಕೆಮ್ಮಿನವರನ್ನು ಕಫ ಪರೀಕ್ಷೆಗೆ ಕಳಿಸುವುದು, ಇಷ್ಟಕ್ಕೆ ತಾಲೂಕಿನ ಆರೋಗ್ಯಾಧಿಕಾರಿ ಅಂಗಡಿಯವರನ್ನು ತಿಂಗಳಿಗೊಮ್ಮೆ ಕೂಡಿಸಿ ಮಾತಾಡಿದರೂ ದೊಡ್ಡ ಕೆಲಸವಾದೀತು. ಆಶಾ ಕಾರ್ಯಕರ್ತೆಯರನ್ನು ಕೂಡಿಸುವುದಿಲ್ಲವೇ, ಹಾಗೆ.

ಕೇಳುಗರೇ, ನಿಮ್ಮ ಕೈಯಲ್ಲಿರುವುದೂ ಒಂದಿದೆ. ಮುಂದಿನ ಸಲ ಮೆಡಿಕಲ್ ಅಂಗಡಿಗೆ ಹೋದಾಗ ಗೋಡೆಯ ಮೇಲಿನ ಫಾರ್ಮಾಸಿಸ್ಟ್ ಹೆಸರನ್ನು ಓದಿ, "ಇವರು ಎಲ್ಲದಾರ್ರೀ?" ಎಂದು ಕೇಳಿ. ಗುಳಿಗಿ ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಈಗಾಗಲೇ ನುಂಗುತ್ತಿರುವ ಗುಳಿಗಿಯ ಸಂಗಡ ನಡೆಯುತ್ತದೆಯೋ ಇಲ್ಲವೋ, ಎಲ್ಲವನ್ನೂ ಕೇಳಿ ತಿಳಿದುಕೊಳ್ಳಿ. ಬಿಲ್ ಬಿಡಬೇಡಿ. ಔಷಧದಲ್ಲಿ ದೋಷ ಕಂಡು ವಾಪಸ್ ತರಿಸಬೇಕಾದಾಗ ಅದರಲ್ಲಿರುವ ಬ್ಯಾಚ್ ನಂಬರೇ ಆಧಾರ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೇಳಬೇಡಿ, ಕೊಟ್ಟರೂ ಒಯ್ಯಬೇಡಿ.