ಮಾತ್ರೆ ಹೊಟ್ಟೆಗೆ, ಗುಳ್ಳೆ ಮುಖಕ್ಕೆ



ವಿಜಯನಗರದ ಬಳಿಯ ಆರ್‌ಪಿಸಿ ಲೇಔಟ್‌ನಲ್ಲಿ ಒಂದು ಸಂಜೆ ಸುತ್ತಾಡಿ ಬನ್ನಿ. ಔಷಧಿ ಅಂಗಡಿಯಲ್ಲಿ ವಿಟಮಿನ್ ಮಾತ್ರೆ, ಜಿಮ್‌ಗೆ ಹೋಗುವ ಹುಡುಗರ ಚೀಲದಲ್ಲಿ ಪ್ರೋಟೀನ್ ಪುಡಿ. ವೈದ್ಯರ ಚೀಟಿ ಬೇಡವಾದ ಮೇಲೆ ಇವುಗಳಿಂದ ತೊಂದರೆಯೇನು ಎಂದು ನೀವು ಕೇಳಬಹುದು. ಉತ್ತರವನ್ನು ಕೆಲವೊಮ್ಮೆ ಚರ್ಮವೇ ಹೇಳುತ್ತದೆ.

ನಯಾಸಿನ್, ಅಂದರೆ ಬಿ3 ವಿಟಮಿನ್ನನ್ನೇ ನೋಡಿ. ಇದು ಕಡಿಮೆಯಾದರೆ ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಇದೇ ಪೆಲಾಗ್ರ. ಜೋಳವನ್ನೇ ನೆಚ್ಚಿದ್ದ ದಖ್ಖನ್ನಿನ ಬಡವರಲ್ಲಿ ಈ ರೋಗ ಕಾಣುತ್ತಿತ್ತು. ಜೋಳದ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದು ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಸೂಚಿಸಿದರು. ಅದೇ ನಯಾಸಿನ್ ಮಾತ್ರೆಯ ರೂಪದಲ್ಲಿ ಒಮ್ಮೆಗೇ 30 ಮಿಲಿಗ್ರಾಂ ದಾಟಿದರೆ ಕೆಲವರ ಮುಖ, ಕತ್ತು ಕೆಂಪೇರಿ ಉರಿಯುತ್ತವೆ. ಚರ್ಮದಲ್ಲಿ ಪ್ರೋಸ್ಟಾಗ್ಲಾಂಡಿನ್ ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗುವುದೇ ಕಾರಣ. ಇದು ಅಲರ್ಜಿಯಲ್ಲ, ಸಾಮಾನ್ಯವಾಗಿ ಗಂಟೆಯೊಂದರಲ್ಲಿ ಇಳಿಯುತ್ತದೆ.

ಬಿ12ರ ಕಥೆ ಇನ್ನೂ ಸ್ವಾರಸ್ಯದ್ದು. ದಿನಕ್ಕೆ ನಮಗೆ ಬೇಕಾದದ್ದು ಎರಡೂ ಚಿಲ್ಲರೆ ಮೈಕ್ರೋಗ್ರಾಂ. ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲಿ 1500 ಇರುವುದುಂಟು. ಚರ್ಮದ ಮೇಲೆ ವಾಸಿಸುವ ಒಂದು ಬ್ಯಾಕ್ಟೀರಿಯಾ ತನಗೆ ಬೇಕಾದ ಬಿ12 ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಾವು ಧಾರಾಳವಾಗಿ ನುಂಗಿದಾಗ ಅದು ಆ ಕೆಲಸ ಕಡಿಮೆ ಮಾಡಿ, ಉರಿಯೂತ ತರುವ ಪೋರ್ಫಿರಿನ್‌ಗಳನ್ನು ಹೆಚ್ಚಿಸುತ್ತದೆ ಎಂದು ಲಾಸ್ ಏಂಜಲೀಸ್‌ನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗದಲ್ಲಿ ಬಿ12 ಪಡೆದ ಹತ್ತು ಜನರಲ್ಲಿ ಮೊಡವೆ ಎದ್ದದ್ದು ಒಬ್ಬರಿಗೆ ಮಾತ್ರ. ಹಾಗಾಗಿ ಎಲ್ಲ ಮೊಡವೆಗೂ ಮಾತ್ರೆಯನ್ನೇ ದೂರಬೇಡಿ. ಹಾಲಿನಿಂದ ತೆಗೆದ ವೇ ಪ್ರೋಟೀನ್ ಕೂಡ ಕೆಲವರಲ್ಲಿ ಇನ್ಸುಲಿನ್ ಏರಿಸಿ ಮೊಡವೆ ಹೆಚ್ಚಿಸಬಹುದು.

ಇಲ್ಲೊಂದು ಎಚ್ಚರಿಕೆ. ಹಾಲು, ಮೊಸರೂ ಹೆಚ್ಚಿಲ್ಲದ ಸಸ್ಯಾಹಾರಿಗಳಿಗೆ ಬಿ12 ಕೊರತೆ ಸುಲಭವಾಗಿ ಬರುತ್ತದೆ. ಅದು ನರಗಳನ್ನೇ ಹಾಳುಮಾಡಬಲ್ಲದು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಾಲ್ಕು ಗುಳ್ಳೆಗೆ ಹೆದರಿ ನೀವಾಗಿ ನಿಲ್ಲಿಸಬೇಡಿ. ಪ್ರಮಾಣ ಇಳಿಸಬಹುದೇ ಎಂದು ಅವರನ್ನೇ ಕೇಳಿ.

ಮೈಯೆಲ್ಲ ಗಂದೆ ಎದ್ದರೆ ಮನೆಯಲ್ಲಿ ಅಜ್ಜಿ "ಪಿತ್ತ" ಎನ್ನುತ್ತಾರೆ. ಇರಲಿ. ಆದರೆ ತುಟಿ, ನಾಲಗೆ ಊದಿಕೊಂಡು ಉಸಿರು ಕಟ್ಟಿದರೆ ಅದು ನಿಜವಾದ ಅಲರ್ಜಿ, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹೋಗುವಾಗ ಡಬ್ಬಿಯೂ ಜೊತೆಗಿರಲಿ, ಯಾವತ್ತಿನಿಂದ ತೆಗೆದುಕೊಂಡಿರಿ ಎಂಬುದು ನೆನಪಿರಲಿ. ಔಷಧಿಗಳ ಅಡ್ಡಪರಿಣಾಮವನ್ನು ದಾಖಲಿಸಲು 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಗಿದೆ. ಅದರ ಉಚಿತ ದೂರವಾಣಿ 1800-180-3024. ವೈದ್ಯರಷ್ಟೇ ಅಲ್ಲ, ನೀವೂ ಕರೆ ಮಾಡಬಹುದು.