ನಂಬುವಂಥ ಮಾತು ಹೇಳೋಣ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಪರವಾಗಿ ಆಡಿದ ಮಾತು)



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ನಮ್ಮ ಮಕ್ಕಳಲ್ಲಿ ಹಲವರ ಮನೆಮಾತು ಬ್ಯಾರಿ, ಉರ್ದು ಅಥವಾ ನವಾಯತಿ. ಶಾಲೆಯಲ್ಲಿ ಕಲಿಯುವುದು ಕನ್ನಡ, ಇಂಗ್ಲಿಷ್‌ನಲ್ಲಿ. ತಪ್ಪಾದರೆ ನಗುತ್ತಾರೆಂದು ಉತ್ತರ ಗೊತ್ತಿದ್ದರೂ ಕೆಲವರು ಕೈ ಎತ್ತುವುದಿಲ್ಲ. ಅಂಥ ಮಗುವಿನಿಂದ ‘ನಾನು ಬಹಳ ಜಾಣ’ ಎಂದು ಹೇಳಿಸಿದರೆ ಸಾಕೇ?

2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಗಣಿತ ಪರೀಕ್ಷೆಯ ನಡುವೆ ಕೆಲವು ಮಕ್ಕಳು ಹೀಗೆಯೇ ಹೇಳಿಕೊಂಡರು. ಇನ್ನು ಕೆಲವರು ‘ನನ್ನಿಂದಾದಷ್ಟು ಪ್ರಯತ್ನಿಸುತ್ತೇನೆ’ ಎಂದುಕೊಂಡರು. ತಮ್ಮ ಮೇಲೆ ನಂಬಿಕೆ ಕಡಿಮೆಯಿದ್ದವರಿಗೆ ನೆರವಾದದ್ದು ಈ ಎರಡನೆಯ ಮಾತು. ಮನಸ್ಸು ಒಪ್ಪದ ಹೊಗಳಿಕೆ ನಾಲಿಗೆಯಲ್ಲೇ ಉಳಿಯುತ್ತದೆ. ಪ್ರಯತ್ನ ಮಾತ್ರ ಮಗುವಿನ ಕೈಯಲ್ಲಿದೆ.

ಪೋಷಕರೇ, ಅಂಕಪಟ್ಟಿ ಬಂದಾಗ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ. ‘ನಿನ್ನಿಂದ ಆಗುವುದಿಲ್ಲ’ ಎನ್ನಬೇಡಿ. ‘ಮಗಳೇ, ಆ ಲೆಕ್ಕ ಬಿಡದೆ ಮೂರು ಸಲ ಮಾಡಿದೆಯಲ್ಲ, ನಾನು ನೋಡಿದೆ’ ಎನ್ನಿ, ಅದೂ ನಿಮ್ಮ ಮನೆಮಾತಿನಲ್ಲೇ. ಶಿಕ್ಷಕರಲ್ಲೂ ನಮ್ಮ ವಿನಂತಿ ಇದೇ.

ದಾನಿಗಳ ನೆರವಿನಿಂದ ಶುಲ್ಕ, ಪುಸ್ತಕದ ಭಾರ ಇಳಿಯುತ್ತದೆ. ಕೈ ಎತ್ತುವ ಧೈರ್ಯವನ್ನು ನಾವೆಲ್ಲ ಸೇರಿ ಕೊಡಬೇಕು. ಕೊನೆಯದಾಗಿ ಒಂದು ಮಾತು: ಅಂಕ ಕಡಿಮೆ ಬಂತೆಂದು ಯಾವ ಮಗುವೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕದೆ ಉಳಿಯಬಾರದು.