ತಾಯಿಯ ಕೈಗಂಟು, ಮಗಳ ಓದು

(ವಾರ್ಷಿಕ ಸಭೆಯಲ್ಲಿ ಟ್ರಸ್ಟಿನ ಆರೋಗ್ಯ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಮಾನ್ಯ ಅಧ್ಯಕ್ಷರೇ, ದಾನಿಗಳೇ, ವಿದ್ಯಾರ್ಥಿವೇತನಕ್ಕೆ ಬಂದಿರುವ ಮಕ್ಕಳೇ, ಮುಖ್ಯವಾಗಿ ಅವರ ತಾಯಂದಿರೇ,

ವಿದ್ಯಾರ್ಥಿವೇತನದ ಸಭೆಯಲ್ಲಿ ಗಂಟುನೋವಿನ ಮಾತೇಕೆ ಎಂದು ನಿಮಗೆ ಅನಿಸಬಹುದು. ಅರ್ಜಿದಾರರ ಮನೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕಂಡದ್ದನ್ನು ಹೇಳುತ್ತೇವೆ. ಫೀಸು ಕಟ್ಟಿ ಆಗಿರುತ್ತದೆ, ಆದರೂ ಪಿಯುಸಿ ಓದುವ ಮಗಳು ಕಾಲೇಜಿಗೆ ಹೋಗುತ್ತಿರುವುದಿಲ್ಲ. ಕೇಳಿದರೆ, ತಾಯಿಗೆ ಬೀಡಿ ಕಟ್ಟಲು, ರೊಟ್ಟಿ ತಟ್ಟಲು ಕೈ ಬರುತ್ತಿಲ್ಲ, ಮನೆಗೆಲಸವೆಲ್ಲ ಮಗಳ ಮೇಲೆ ಬಿದ್ದಿದೆ. ಫಜ್ರ್ ನಮಾಝಿಗೆ ವುಝೂ ಮಾಡಲು ನಲ್ಲಿ ತಿರುಗಿಸುವುದೂ ಕಷ್ಟ. "ವಾಯು, ವಯಸ್ಸಾಯಿತು" ಎಂದು ಆ ತಾಯಿ ನಗುತ್ತಾರೆ. ವಯಸ್ಸು ನಲವತ್ತೂ ಆಗಿರುವುದಿಲ್ಲ.

ಎಲ್ಲ ಗಂಟುನೋವೂ ಒಂದೇ ಅಲ್ಲ. ಬೆಳಿಗ್ಗೆ ಬೆರಳುಗಳು ಒಂದು ಗಂಟೆಯಾದರೂ ಬಿಗಿದುಕೊಂಡಿದ್ದು, ಎರಡೂ ಕೈಗಳ ಸಣ್ಣ ಗಂಟುಗಳು ಊದಿಕೊಂಡು, ಹೀಗೆಯೇ ಆರು ವಾರ ಕಳೆದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದೆಂದು ಅನುಮಾನಿಸಬೇಕು. ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಇದು ಗಂಟು ಸವೆದು ಬರುವ ರೋಗವಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ತದ ಬಿಳಿಕಣಗಳು ಗಂಟಿನ ಒಳಪೊರೆಗೆ ನುಗ್ಗುತ್ತವೆ. ಅವುಗಳಲ್ಲಿ ಬಿ ಕಣಗಳ ಬಳಗ ನಮ್ಮ ದೇಹದ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ನೋವು ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಇವು ರಕ್ತದಲ್ಲಿ ಇರಬಹುದು. ವೈದ್ಯರು ಬರೆಯುವ ಆ್ಯಂಟಿ-ಸಿಸಿಪಿ ಪರೀಕ್ಷೆ ಹುಡುಕುವುದು ಇವನ್ನೇ. ಟಿ ಕಣಗಳು ಉಳಿದವನ್ನು ಕೆರಳಿಸುತ್ತವೆ. ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಟಿಎನ್‌ಎಫ್ ಎಂಬ ವಸ್ತುವನ್ನು ಸುರಿಸುತ್ತವೆ. ಅದರಿಂದ ಉರಿಯೂತ ಏರುತ್ತದೆ, ಇನ್ನಷ್ಟು ಕಣಗಳು ಬಂದು ಸೇರುತ್ತವೆ, ತೆಳುವಾಗಿದ್ದ ಪೊರೆ ದಪ್ಪಗಾಗಿ ಮೂಳೆಯ ಮೇಲೆ ಹಬ್ಬುತ್ತದೆ. ಕೊನೆಗೆ ಮೂಳೆ ಕರಗಿಸುವ ಕಣಗಳೂ ಎದ್ದು ಕೂರುತ್ತವೆ. ಹೀಗೆ ಕರಗಿದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದಲೇ ಮೊದಲ ಕೆಲವು ತಿಂಗಳಲ್ಲಿ ಚಿಕಿತ್ಸೆ ಸಿಗಬೇಕು.

1992ರಲ್ಲಿ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಅವರ ತಂಡ ಟಿಎನ್‌ಎಫ್ ಒಂದನ್ನೇ ತಡೆಯುವ ಔಷಧವನ್ನು ಮೊದಲ ರೋಗಿಗಳಿಗೆ ಕೊಟ್ಟು ನೋಡಿತು. ಊತ ಇಳಿಯಿತು. ಇಂದಿನ ದುಬಾರಿ ಇಂಜೆಕ್ಷನ್‌ಗಳಲ್ಲಿ ಹಲವು ಬಂದದ್ದು ಇದೇ ದಾರಿಯಲ್ಲಿ. ಆದರೆ ದೇಹದೊಳಗೆ ಅಡಗಿದ ಕ್ಷಯದ ರೋಗಾಣುವನ್ನು ಕಟ್ಟಿಹಾಕಲು ಮ್ಯಾಕ್ರೋಫೇಜ್‌ಗಳಿಗೆ ಬೇಕಾದದ್ದೂ ಅದೇ ಟಿಎನ್‌ಎಫ್! ಅದನ್ನು ತಡೆದರೆ ಟಿಬಿ ಮತ್ತೆ ತಲೆ ಎತ್ತಬಹುದು. ಇಂಜೆಕ್ಷನ್‌ಗೆ ಮೊದಲು ಟಿಬಿ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ "ಸುಮ್ಮನೆ ಖರ್ಚು" ಎನ್ನಬೇಡಿ.

ಹೆಚ್ಚಿನವರಿಗೆ ಶುರುವಿನಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಮೆಥೊಟ್ರೆಕ್ಸೇಟ್ ಮಾತ್ರೆ ಹಳೆಯದು, ಅಗ್ಗದ್ದು. ಅದನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು ತೆಗೆದುಕೊಳ್ಳಲೇಬಾರದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮಾತ್ರೆಯಿಂದ ಎರಡೇ ದಿನದಲ್ಲಿ ಕೈ ಹಗುರಾಗುತ್ತದೆ, ನಿಜ. ಅದನ್ನೇ ವರ್ಷಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ರಮಝಾನಿನಲ್ಲಿ ಮಾತ್ರೆಯ ಹೊತ್ತು ಬದಲಿಸುವವರು ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ.

ದಾನಿಗಳಿಗೂ ಒಂದು ಮಾತು. ಆಪರೇಷನ್‌ಗೆ ಹಣ ಕೇಳಿದರೆ ನೀವು ಎಂದೂ ಇಲ್ಲ ಎಂದವರಲ್ಲ. ಈ ರೋಗಕ್ಕೆ ಬೇಕಾಗಿರುವುದು ಒಂದು ದೊಡ್ಡ ಚೆಕ್ ಅಲ್ಲ. ಎರಡು ಮೂರು ತಿಂಗಳಿಗೊಮ್ಮೆ ಲಿವರ್ ಮತ್ತು ರಕ್ತದ ಪರೀಕ್ಷೆ, ಜಿಲ್ಲಾ ಕೇಂದ್ರಕ್ಕೆ ಬಸ್ ಚಾರ್ಜು, ಅಂದಿನ ಕೂಲಿ. ವೇದಿಕೆಯ ಮೇಲೆ ಫೋಟೊ ತೆಗೆಸಿಕೊಳ್ಳುವಂಥ ದಾನವಲ್ಲ, ಆದರೆ ವರ್ಷಗಟ್ಟಲೆ ನಡೆಯಬೇಕು. ನಡುವೆ ಔಷಧ ನಿಲ್ಲಿಸಿದವರ ಗಂಟುಗಳು ಮತ್ತೆ ಊದುವುದೇ ಹೆಚ್ಚು.

ಈ ಸಲದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆ ತಾಯಿಯ ದೀರ್ಘಕಾಲದ ಕಾಯಿಲೆಗೆ ಒಂದು ಕಾಲಂ ಸೇರಿಸಿದ್ದೇವೆ. ನಾಚಿಕೆ ಬೇಡ, ಬರೆಯಿರಿ. ಅದರಿಂದ ಮಗುವಿನ ಅಂಕಕ್ಕಾಗಲಿ ಆಯ್ಕೆಗಾಗಲಿ ತೊಂದರೆಯಿಲ್ಲ. ಆದಾಯ ಪ್ರಮಾಣಪತ್ರದ ಜೊತೆ ವೈದ್ಯರ ಚೀಟಿಯ ಜೆರಾಕ್ಸ್ ಇಟ್ಟರೆ ಸಾಕು. ಚೀಟಿ ಇಲ್ಲದವರು, ಅಂದರೆ ಇನ್ನೂ ವೈದ್ಯರ ಬಳಿಗೇ ಹೋಗದ ತಾಯಂದಿರು, ಇವತ್ತು ಊಟದ ನಂತರ ನಮ್ಮ ಮೇಜಿನ ಬಳಿ ಬಂದು ಹೆಸರು ಬರೆಸಿ.